ದವಡೆಯ ಕೀಲು ನೊಂದಾಗ

ಒಂದು ಸಂಕ್ರಾಂತಿಯ ಮರುದಿನ ವಿಜಯನಗರದ ನಮ್ಮ ನೆರೆಮನೆಯ ಉಪಾಧ್ಯಾಯಿನಿಯೊಬ್ಬರಿಗೆ ಬಲಗಿವಿಯ ಮುಂದೆ ನೋವು ಕಾಣಿಸಿಕೊಂಡಿತು. ಹಿಂದಿನ ದಿನ ಮಕ್ಕಳೊಡನೆ ಕುಳಿತು ಕಬ್ಬಿನ ಜಲ್ಲೆಯನ್ನು ಬಾಚಿಹಲ್ಲುಗಳಿಂದ ಸಿಗಿದು ತಿಂದಿದ್ದರೆಂಬುದು ಯಾರ ನೆನಪಿಗೂ ಬರಲಿಲ್ಲ. ಕಿವಿನೋವೆಂದು ಕಿವಿಗೆ ಔಷಧಿ ಬಿಟ್ಟುದಾಯಿತು, ಗುಣ ಕಾಣಲಿಲ್ಲ. ಹಲ್ಲುನೋವಿರಬೇಕೆಂದು ಒಂದು ದವಡೆಹಲ್ಲನ್ನು ಕೀಳಿಸಿದುದೂ ಆಯಿತು. ಹಲ್ಲು ಹೋಯಿತು, ನೋವು ಉಳಿಯಿತು. ಬಾಯಿ ತೆರೆದಾಗ ಕಿವಿಯ ಬುಡದಲ್ಲಿ ‘ಲಟಕ್’ ಎಂಬ ಶಬ್ದ, ಪಾಠ ಹೇಳಿ ಮನೆ ಸೇರುವ ವೇಳೆಗೆ ಕಣತಲೆಯಲ್ಲಿ ಸಿಡಿತ, ಆಕಳಿಸಲು ಭಯ: ಇವೆಲ್ಲವನ್ನೂ ಮೂರು ತಿಂಗಳ ತರುವಾಯ ಇನ್ನೊಬ್ಬ ದಂತವೈದ್ಯರ ಮುಂದೆ ಒಟ್ಟಾಗಿ ಹೇಳಿಕೊಂಡಾಗಲೇ ರೋಗದ ನೆಲೆ ತಿಳಿದುದು. ಅದು ದವಡೆಯ ಕೀಲಿನ ಬೇನೆಯಾಗಿತ್ತು.

ಈ ಕೀಲನ್ನು ವಾಚಕರು ಈಗಲೇ ಮುಟ್ಟಿ ನೋಡಬಹುದು. ಎರಡು ಕಿವಿಗಳ ಮುಂದೆಯೂ ಬೆರಳಿಟ್ಟು ಬಾಯನ್ನು ನಿಧಾನವಾಗಿ ತೆರೆಯಿರಿ. ಮೊದಲು ಕೆಳದವಡೆಯ ತಲೆ ಬಾಗಿಲಿನ ತಿರುಗಣೆಯಂತೆ ಇದ್ದೆಡೆಯಲ್ಲೇ ತಿರುಗುತ್ತದೆ. ಬಾಯಿ ಅರ್ಧದಷ್ಟು ತೆರೆದ ಮೇಲೆ ಅದು ತನ್ನ ಗುಳಿಯನ್ನು ಬಿಟ್ಟು ಮುಂದಕ್ಕೆ ಜಾರುತ್ತದೆ. ಹೀಗೆ ತಿರುಗುವ ಮತ್ತು ಜಾರುವ ಎರಡು ಚಲನೆಗಳೂ ಒಂದೇ ಕೀಲಿನಲ್ಲಿ ಕೂಡಿವೆ. ತಲೆಗೂ ಗುಳಿಗೂ ನಡುವೆ ಮೆತ್ತನೆಯ ಒಂದು ಬಿಲ್ಲೆಯಿದ್ದು, ತಲೆ ಜಾರಿದಾಗ ಅದೂ ಜೊತೆಯಲ್ಲಿ ಜಾರಬೇಕು. ಆರೋಗ್ಯವಂತರ ಬಾಯಿ ಸಾಮಾನ್ಯವಾಗಿ ೪೦ರಿಂದ ೫೦ ಮಿಲಿಮೀಟರುಗಳಷ್ಟು, ಎಂದರೆ ಅವರವರದೇ ಮೂರು ಬೆರಳುಗಳು ಒಂದರ ಮೇಲೊಂದು ಹಿಡಿಸುವಷ್ಟು ತೆರೆಯುತ್ತದೆ.

ನಾನು ವೈದ್ಯನಲ್ಲ, ಭೌತಶಾಸ್ತ್ರ ಪಾಠ ಹೇಳುವವನು. ಆದರೂ ಕಬ್ಬಿನ ಅಪರಾಧವನ್ನು ಲೆಕ್ಕದಿಂದ ತೋರಿಸಬಲ್ಲೆ. ಅಡಕೆಕತ್ತರಿಯನ್ನು ನೋಡಿ: ಒಂದು ತುದಿಯಲ್ಲಿ ಆನಿಕೆ, ಇನ್ನೊಂದು ತುದಿಯಲ್ಲಿ ಕೈಯ ಬಲ, ನಡುವೆ ಅಡಕೆ. ಕೈಗೆ ಇಲ್ಲಿ ಲಾಭ. ದವಡೆಯೂ ಒಂದು ಸನ್ನೆಗೋಲೇ. ಆದರೆ ಅದರಲ್ಲಿ ಆನಿಕೆಯಾದ ಕೀಲು ಹಿಂದೆ, ತಿನಿಸು ಮುಂದೆ, ಎಳೆಯುವ ಸ್ನಾಯು ನಡುವೆ. ಆದುದರಿಂದ ಸ್ನಾಯುವಿಗೆ ಸದಾ ನಷ್ಟ. ಲೆಕ್ಕ ಸರಳವಾಗಲೆಂದು, ಕೀಲಿನಿಂದ ಸ್ನಾಯು ೩, ದವಡೆಹಲ್ಲು ೬, ಬಾಚಿಹಲ್ಲು ೯ ಸೆಂಟಿಮೀಟರ್ ದೂರದಲ್ಲಿವೆ ಎಂದಿಟ್ಟುಕೊಳ್ಳೋಣ. ದವಡೆಹಲ್ಲಿನಲ್ಲಿ ೧೦ ಕಿಲೋಗ್ರಾಂ ತೂಕದಷ್ಟು ಬಲದಿಂದ ಕಚ್ಚಲು ಸ್ನಾಯು ೨೦ರಷ್ಟು ಎಳೆಯಬೇಕು. ಉಳಿದ ೧೦ ಕೀಲಿನ ಮೇಲೆ ಬೀಳುತ್ತದೆ. ಅದೇ ೧೦ನ್ನು ಬಾಚಿಹಲ್ಲಿನಲ್ಲಿ ಪಡೆಯಬೇಕಾದರೆ ಸ್ನಾಯು ೩೦ರಷ್ಟು ಎಳೆಯಬೇಕು. ಕೀಲಿನ ಹೊರೆ ೨೦ ಆಗುತ್ತದೆ. ನಿಜವಾದ ದವಡೆಯಲ್ಲಿ ಸ್ನಾಯುಗಳು ಹಲವು, ಅವುಗಳ ಎಳೆತ ಓರೆ, ಅಂಕಿಗಳು ಆಳಿನಿಂದ ಆಳಿಗೆ ಬೇರೆ. ಆದರೆ ಮುಂದೆ ಕಚ್ಚಿದಷ್ಟೂ ಕೀಲಿಗೆ ಹೊರೆ ಹೆಚ್ಚೆಂಬ ತತ್ತ್ವ ಬದಲಾಗದು.

ಕಬ್ಬು ವರ್ಷಕ್ಕೊಮ್ಮೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ನಮಗರಿಯದಂತೆ ಹಲ್ಲು ಬಿಗಿಹಿಡಿಯುವ ಮತ್ತು ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ. ಸುಮ್ಮನಿರುವಾಗ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಕೆಲವು ಮಿಲಿಮೀಟರುಗಳ ಅಂತರವಿರಬೇಕು. ಚಿಂತೆಯಲ್ಲಿರುವವರು ಗಂಟೆಗಟ್ಟಲೆ ಹಲ್ಲನ್ನು ಒತ್ತಿಹಿಡಿದೇ ಇರುತ್ತಾರೆ; ಸ್ನಾಯು ದಣಿದು ನೋಯುತ್ತದೆ. ಪೆಟ್ಟು, ಸಂಧಿವಾತ, ನಿದ್ರೆಗೇಡು ಇವೂ ಕಾರಣಗಳಾಗಬಹುದು. ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ, ಅದರಲ್ಲೂ ಸ್ತ್ರೀಯರಲ್ಲಿ, ಈ ಬೇನೆ ಹೆಚ್ಚು.

ಶಬ್ದದ ವಿಷಯವಾಗಿ ಒಂದು ಮಾತು. ಬಿಲ್ಲೆ ತನ್ನ ಸ್ಥಾನದಿಂದ ಮುಂದೆ ಸರಿದಿದ್ದರೆ, ಬಾಯಿ ತೆರೆಯುವಾಗ ದವಡೆಯ ತಲೆ ಅದರ ಅಂಚನ್ನು ದಾಟಿ ಒಳಸೇರುತ್ತದೆ. ಆ ‘ಲಟಕ್’ ಅದರದೇ. ನೋವಿಲ್ಲದ ಶಬ್ದ ಬಹು ಜನರಲ್ಲಿ ಉಂಟು. ಅದಕ್ಕೆ ಚಿಕಿತ್ಸೆ ಬೇಡ. ಆದರೆ ಇದ್ದ ಶಬ್ದ ಒಮ್ಮೆಗೇ ನಿಂತು, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದೆ ಹೋದರೆ ಅದನ್ನು ಗುಣವೆಂದು ಭ್ರಮಿಸಬಾರದು. ಬಿಲ್ಲೆ ಅಡ್ಡ ನಿಂತಿದೆಯೆಂದು ಅರ್ಥ.

ಬಾಯಿ ತೆರೆಯದಿರುವುದಕ್ಕೆ ನಮ್ಮ ನಾಡಿನಲ್ಲಿ ಬೇರೊಂದು ಕಾರಣವೂ ಇದೆ. ಅಡಕೆ, ಗುಟ್ಕಾ ಅಗಿಯುವವರಲ್ಲಿ ಕೆನ್ನೆಯ ಒಳಪೊರೆ ಕ್ರಮೇಣ ನಾರುಗಟ್ಟಿ ಗಡುಸಾಗುತ್ತದೆ. ಖಾರ ತಾಕಿದರೆ ಉರಿ, ಆಮೇಲೆ ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಇದು ಕೀಲಿನ ರೋಗವಲ್ಲ, ಮುಂದೆ ಅರ್ಬುದಕ್ಕೆ ತಿರುಗಬಹುದಾದ ಸ್ಥಿತಿ. ಇನ್ನು ನಡೆಯುವಾಗ ಬಂದು ನಿಂತಾಗ ಹೋಗುವ ದವಡೆನೋವು, ಎದೆಯ ಬಿಗಿತ ಮತ್ತು ಬೆವರಿನೊಡನೆ ಬರುವ ದವಡೆನೋವು ಹೃದಯದ್ದಾಗಿರಬಹುದು. ಅಂಥವರು ದಂತವೈದ್ಯರ ಸರದಿಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಚಿಕಿತ್ಸೆಯ ಇತಿಹಾಸವೂ ಬೋಧಪ್ರದ. ಕಳಚಿದ ದವಡೆಗೆ ಶಾಖ ಕೊಟ್ಟು, ಕೂರಿಸಿ, ಪಟ್ಟಿ ಕಟ್ಟುವ ವಿಧಾನವನ್ನು ಸುಶ್ರುತಸಂಹಿತೆಯೇ ಹೇಳಿದೆ. ೧೯೩೪ರಲ್ಲಿ ಅಮೆರಿಕದ ಕಿವಿಯ ವೈದ್ಯ ಕಾಸ್ಟೆನ್, ಕಿವಿನೋವು, ತಲೆನೋವುಗಳನ್ನು ದವಡೆಯ ಕೀಲಿಗೆ ಸಂಬಂಧಿಸಿದನು. ಅವನ ಗಮನ ಸರಿ, ವಿವರಣೆ ತಪ್ಪು: ಹಲ್ಲುಗಳು ಉದುರಿ ದವಡೆ ಮೇಲಕ್ಕೆ ಸರಿದು ನರಗಳನ್ನು ಒತ್ತುತ್ತದೆಂಬ ಅವನ ವಾದವನ್ನು ಅಂಗರಚನಾಶಾಸ್ತ್ರಜ್ಞರು ಮುಂದೆ ಒಪ್ಪಲಿಲ್ಲ. ಆದರೂ ಹಲ್ಲುಗಳ ಕೂಡಿಕೆಯೇ ಸರ್ವಕಾರಣವೆಂದು ಒಳ್ಳೆಯ ಹಲ್ಲುಗಳನ್ನು ಅರೆದು ಸರಿಪಡಿಸುವ ರೂಢಿ ದಶಕಗಳ ಕಾಲ ನಡೆಯಿತು. ಅರೆದ ಹಲ್ಲು ಮತ್ತೆ ಬೆಳೆಯದು. ಹಿಂದಕ್ಕೆ ಪಡೆಯಬಹುದಾದ ಉಪಾಯಗಳನ್ನೇ ಮೊದಲು ಮಾಡಬೇಕೆಂಬುದು ಇಂದಿನ ನಿಲುವು.

ಆ ಉಪಾಯಗಳು ಸರಳ. ಕೆಲವು ವಾರ ಚಕ್ಕುಲಿ, ಕೋಡುಬಳೆ, ಕಬ್ಬುಗಳಿಗೆ ರಜೆ, ಮೃದುವಾದ ಆಹಾರ. ಅಗಿಯದೆ ನುಂಗುವ ರಾಗಿಮುದ್ದೆ ಈ ರೋಗಿಗೆಂದೇ ಮಾಡಿದಂತಿದೆ! ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ಆಕಳಿಸುವಾಗ ಗಲ್ಲಕ್ಕೆ ಕೈಯ ಆಸರೆ, ವೈದ್ಯರು ಕಲಿಸುವ ದವಡೆಯ ವ್ಯಾಯಾಮ, ಬೇಕಾದರೆ ಅಲ್ಪಕಾಲ ನೋವಿನ ಮಾತ್ರೆ. ಬಹುಪಾಲು ರೋಗಿಗಳಿಗೆ ಇಷ್ಟೇ ಸಾಕಾಗುತ್ತದೆ. ಸಾಲದಾದಾಗ ಹಲ್ಲುಗಳ ಅಚ್ಚು ತೆಗೆದು ಅಕ್ರಿಲಿಕ್‌ನ ಒಂದು ಕವಚವನ್ನು ಮಾಡಿ ರಾತ್ರಿ ಧರಿಸಲು ಕೊಡುತ್ತಾರೆ. ಹಲ್ಲುಗಳ ಸವೆತವನ್ನು ಅದು ತಡೆಯುತ್ತದೆ, ಅನೇಕರಿಗೆ ನೋವೂ ತಗ್ಗುತ್ತದೆ. ಹಲ್ಲು ಕಡಿಯುವ ಅಭ್ಯಾಸವನ್ನೇ ಅದು ಬಿಡಿಸುತ್ತದೆಂದು ಮಾತ್ರ ಭಾವಿಸಬಾರದು. ಬಿಲ್ಲೆಯ ಸ್ಥಿತಿಯನ್ನು ನೋಡಬೇಕಾದರೆ ಎಕ್ಸ್‌ರೇ ಸಾಲದು, ಎಂ.ಆರ್.ಐ. ಬೇಕು. ಹಟ ಹಿಡಿದ ಕೀಲನ್ನು ಎರಡು ಸೂಜಿಗಳ ಮೂಲಕ ದ್ರವ ಹಾಯಿಸಿ ತೊಳೆಯುವ ವಿಧಾನ ೧೯೯೧ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಬೇಕಾಗುವವರು ಅತಿ ಕಡಿಮೆ. ಬೆಂಗಳೂರಿನ ಕೋಟೆಯ ಬಳಿ ೧೯೫೮ರಲ್ಲಿ ಪ್ರಾರಂಭವಾದ ಸರ್ಕಾರಿ ದಂತವೈದ್ಯಕೀಯ ಕಾಲೇಜು ಇದೆ. ನಮ್ಮ ಪಶ್ಚಿಮ ಭಾಗದವರಿಗೆ ಕೆಂಗೇರಿಯಾಚೆ ಕುಂಬಳಗೋಡಿನ ರಾಜರಾಜೇಶ್ವರಿ ದಂತವೈದ್ಯಕೀಯ ಕಾಲೇಜೂ ದೂರವಲ್ಲ.

ನೆರೆಮನೆಯವರಿಗೆ ಕವಚ, ಶಾಖ, ವ್ಯಾಯಾಮಗಳಿಂದ ಎರಡು ತಿಂಗಳಲ್ಲಿ ನೋವು ಇಳಿಯಿತು. ತರಗತಿಯ ಮೇಜಿನ ಮೇಲೆ ಅವರೊಂದು ಚೀಟಿ ಅಂಟಿಸಿಕೊಂಡಿದ್ದಾರೆ: ‘ಹಲ್ಲು ಬಿಡಿಸು’. ಮಕ್ಕಳು ಅದನ್ನೋದಿ ನಗುತ್ತಾರಂತೆ. ಬಾಯಿ ತೆರೆದರೆ ಶಬ್ದ ಈಗಲೂ ಇದೆ. ಕಿತ್ತ ಹಲ್ಲಿನ ಎಡೆಯಲ್ಲಿ ಕಟ್ಟಿಸಿದ ಹಲ್ಲಿದೆ.