ದಂಡದ ಲೆಕ್ಕ

ಹಣವನ್ನು ಬ್ಯಾಂಕಿನಲ್ಲಿ ಇಡುವವನು ಅದು ಅಲ್ಲಿ ಸುರಕ್ಷಿತವಾಗಿರುತ್ತದೆಂಬ ನಂಬಿಕೆಯಿಂದ ಇಡುತ್ತಾನೆ. ಅಲ್ಲಿ ಕಳ್ಳರ ಭಯವಿಲ್ಲ, ಗೆದ್ದಲಿನ ಭಯವಿಲ್ಲ. ಕೈಯಲ್ಲಿದ್ದರೆ ಖರ್ಚಾಗಿಬಿಡುತ್ತದೆಂಬ ಆತಂಕವೂ ಇಲ್ಲ. ಆದರೆ ಒಂದು ದಿನ ಪಾಸ್‌ಬುಕ್ಕನ್ನು ತೆರೆದು ನೋಡಿದಾಗ, ತಾನು ತೆಗೆಯದ ಹಣ ಖಾತೆಯಿಂದ ಹೊರಟುಹೋಗಿರುವುದು ಕಾಣುತ್ತದೆ. ಅದರ ಎದುರಿಗೆ ಅರ್ಥವಾಗದ ನಾಲ್ಕಾರು ಅಕ್ಷರಗಳು. ವಿಚಾರಿಸಿದರೆ, ಅದು ಶುಲ್ಕವೆಂಬ ಉತ್ತರ ದೊರೆಯುತ್ತದೆ. ಮೊತ್ತ ಚಿಕ್ಕದು, ಅದಕ್ಕಾಗಿ ಅರ್ಧ ದಿನದ ಕೂಲಿಯನ್ನು ಬಿಟ್ಟು ಬ್ಯಾಂಕಿನಲ್ಲಿ ಕಾಯುತ್ತ ನಿಂತರೆ ನಷ್ಟವೇ ಹೆಚ್ಚು. ಹೀಗೆಂದುಕೊಂಡು ಬಹುಪಾಲು ಜನರು ಸುಮ್ಮನಾಗುತ್ತಾರೆ. ಅನ್ಯಾಯದ ಶುಲ್ಕವು ಬೆಳೆಯುವುದು ಈ ಮೌನದ ಆಸರೆಯಲ್ಲಿಯೇ. ಕೊಡುವವನೊಬ್ಬನಿಗೆ ಅಲ್ಪವೆನಿಸುವ ಹಣ ಲಕ್ಷಾಂತರ ಜನರಿಂದ ಬಂದು ಸೇರಿದಾಗ ಪಡೆಯುವವನಿಗೆ ಅಲ್ಪವಾಗಿರುವುದಿಲ್ಲ.

ಇಂಥ ಮೌನವನ್ನು ಮುರಿದವರ ಕಥೆಯೊಂದು ಈ ಶತಮಾನದ ಮೊದಲ ದಶಕದಲ್ಲಿ ಬ್ರಿಟನ್ನಿನಲ್ಲಿ ನಡೆಯಿತು. ಅದು ಸರಳವಾದ ಗೆಲುವಿನ ಕಥೆಯಲ್ಲ. ಅದರಲ್ಲಿ ಗೆಲುವಿದೆ, ಸೋಲಿದೆ, ಸೋಲಿನ ಅನಂತರ ತಡವಾಗಿ ಬಂದ ಬದಲಾವಣೆಯೂ ಇದೆ.

ಬ್ರಿಟನ್ನಿನ ಬ್ಯಾಂಕುಗಳು ಸಾಮಾನ್ಯ ಜನರ ಚಾಲ್ತಿ ಖಾತೆಗಳನ್ನು ಉಚಿತವಾಗಿ ನಡೆಸುವುದಾಗಿ ಹೇಳಿಕೊಳ್ಳುತ್ತಿದ್ದವು. ಖಾತೆಯಲ್ಲಿ ಹಣವಿರುವ ತನಕ ಆ ಮಾತು ನಿಜವೇ ಆಗಿತ್ತು. ಹಣ ಸಾಲದೆ ಹೋದಾಗ ಅದರ ಇನ್ನೊಂದು ಮುಖ ಗೋಚರವಾಗುತ್ತಿತ್ತು. ಶುಕ್ರವಾರ ಬರಬೇಕಾದ ಸಂಬಳ ಒಬ್ಬ ಕೆಲಸಗಾರನ ಖಾತೆಗೆ ಸೋಮವಾರ ಬಂದಿತೆಂದು ಭಾವಿಸೋಣ. ಈ ನಡುವೆ ವಿದ್ಯುತ್ ಬಿಲ್ಲಿನ ಪಾವತಿಯ ದಿನ ಬಂದಿದೆ. ಖಾತೆಯಲ್ಲಿ ಐದು ಪೌಂಡ್ ಕಡಿಮೆಯಿದೆ. ಬ್ಯಾಂಕು ಆ ಪಾವತಿಯನ್ನು ನಿರಾಕರಿಸುತ್ತಿತ್ತು. ನಿರಾಕರಿಸಿದ್ದಕ್ಕಾಗಿ ಅವನಿಗೆ 35 ಪೌಂಡ್ ಶುಲ್ಕವನ್ನೂ ವಿಧಿಸುತ್ತಿತ್ತು. ಆಗಿನ ಲೆಕ್ಕದಲ್ಲಿ ಒಂದು ಪೌಂಡ್ ಎಂದರೆ ಸುಮಾರು 80 ರೂಪಾಯಿ. ಆ 35 ಪೌಂಡ್ ಕಳೆದುದರಿಂದ ಖಾತೆ ಇನ್ನಷ್ಟು ಕುಗ್ಗಿ, ಮರುವಾರದ ಬಾಡಿಗೆಯ ಪಾವತಿಯೂ ನಿಂತು, ಮತ್ತೊಂದು 35 ಪೌಂಡ್ ಬೀಳುತ್ತಿತ್ತು. ಐದು ಪೌಂಡಿನ ಕೊರತೆ ಎಪ್ಪತ್ತು ಪೌಂಡಿನ ಸಾಲವಾಗಿ ಪರಿಣಮಿಸಲು ಹೆಚ್ಚು ದಿನ ಬೇಕಾಗಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಂಥ ಪ್ರಸಂಗಕ್ಕೆ ಸಲ್ಲುತ್ತದೆ.

ತಪ್ಪು ಖಾತೆದಾರನದೇ ಅಲ್ಲವೆ ಎಂದು ಕೇಳಬಹುದು. ಹೌದು, ಇಲ್ಲದ ಹಣವನ್ನು ಕೊಡುವೆನೆಂದು ಮಾತು ಕೊಟ್ಟವನ ಪಾಲು ಅದರಲ್ಲಿ ಇದ್ದೇ ಇದೆ. ಅದರಿಂದ ಬ್ಯಾಂಕಿಗೆ ಒಂದಿಷ್ಟು ಕೆಲಸ ಹೆಚ್ಚಾದರೆ ಅದರ ವೆಚ್ಚವನ್ನು ತೆರುವುದೂ ನ್ಯಾಯವೇ. ಆದರೆ ಆ ವೆಚ್ಚ ಎಷ್ಟು? ಪಾವತಿಯನ್ನು ನಿರಾಕರಿಸುವುದು ಒಂದು ಯಂತ್ರ. ಅದರ ತಿಳಿವಳಿಕೆಯ ಪತ್ರವನ್ನು ಅಚ್ಚುಮಾಡುವುದೂ ಯಂತ್ರವೇ. ಇದಕ್ಕೆ 35 ಪೌಂಡ್ ತಗಲುತ್ತದೆಯೆ? ಪರಿಹಾರ ಬೇರೆ, ದಂಡ ಬೇರೆ ಎಂಬ ಭೇದವನ್ನು ಇಂಗ್ಲೆಂಡಿನ ನ್ಯಾಯಾಲಯಗಳು ಬಹು ಹಿಂದಿನಿಂದಲೂ ಗುರುತಿಸಿಕೊಂಡು ಬಂದಿವೆ. ಒಪ್ಪಂದವನ್ನು ಮುರಿದವನಿಂದ ನಷ್ಟದ ಪ್ರಾಮಾಣಿಕ ಅಂದಾಜಿನಷ್ಟು ಹಣವನ್ನು ವಸೂಲು ಮಾಡಬಹುದು. ಕೇವಲ ಹೆದರಿಸುವ ಸಲುವಾಗಿ ಬರೆದಿಟ್ಟ ದಂಡವನ್ನು ನ್ಯಾಯಾಲಯ ಕೊಡಿಸಲಾರದು ಎಂಬ ತತ್ತ್ವವನ್ನು 1914ರ ಒಂದು ಪ್ರಸಿದ್ಧ ತೀರ್ಪು ಸ್ಪಷ್ಟಪಡಿಸಿತ್ತು. ಭಾರತದ 1872ರ ಕರಾರು ಕಾಯಿದೆಯ 74ನೆಯ ಕಲಮೂ ಇಂಥ ಸಂದರ್ಭದಲ್ಲಿ ದೊರೆಯಬೇಕಾದದ್ದು ಸಮಂಜಸವಾದ ಪರಿಹಾರವೆಂದೇ ಹೇಳುತ್ತದೆ.

ವ್ಯಾಪಾರದಲ್ಲಿ ನ್ಯಾಯವನ್ನು ಕಾಯಲೆಂದು ಬ್ರಿಟನ್ನಿನಲ್ಲಿ ಆಗ ‘ಆಫೀಸ್ ಆಫ್ ಫೇರ್ ಟ್ರೇಡಿಂಗ್’ ಎಂಬ ಸರಕಾರಿ ಕಚೇರಿಯಿತ್ತು. ಕ್ರೆಡಿಟ್ ಕಾರ್ಡಿನ ಬಾಕಿಯನ್ನು ತಡವಾಗಿ ಕಟ್ಟಿದವರಿಗೆ ವಿಧಿಸುವ ಶುಲ್ಕ 12 ಪೌಂಡನ್ನು ಮೀರಿದರೆ ಅದನ್ನು ಅನ್ಯಾಯವೆಂದೇ ಭಾವಿಸಲಾಗುವುದೆಂದು ಆ ಕಚೇರಿ 2006ರ ಏಪ್ರಿಲಿನಲ್ಲಿ ಪ್ರಕಟಿಸಿತು. ಕಾರ್ಡಿಗೆ ಸಲ್ಲುವ ನ್ಯಾಯ ಖಾತೆಗೆ ಏಕೆ ಸಲ್ಲಬಾರದು ಎಂಬ ವಿಚಾರ ಜನರ ಮನಸ್ಸಿನಲ್ಲಿ ಮೂಡಿತು. ಅದಕ್ಕೂ ಮುಂಚೆಯೇ ಕೆಲವರು ತಮ್ಮ ಬ್ಯಾಂಕುಗಳಿಗೆ ಪತ್ರ ಬರೆಯತೊಡಗಿದ್ದರು. ಈಗ ಆ ಕೆಲವರು ಸಾವಿರಾರು ಜನರಾದರು. ದೂರಿನ ಮಾದರಿಗಳು ಪತ್ರಿಕೆಗಳಲ್ಲಿಯೂ ಅಂತರಜಾಲದಲ್ಲಿಯೂ ಪ್ರಕಟವಾದವು. ವಕೀಲರ ನೆರವಿಲ್ಲದ ಸಾಮಾನ್ಯ ಗೃಹಸ್ಥರು ಕಾಗದ ಲೇಖನಿಗಳನ್ನು ಹಿಡಿದು ಕುಳಿತರು.

ಅವರು ಅನುಸರಿಸಿದ ಕ್ರಮ ಗಮನಿಸತಕ್ಕದ್ದು. ಅವರ ಮೊದಲ ಪತ್ರದಲ್ಲಿ ದೂರೇ ಇರುತ್ತಿರಲಿಲ್ಲ. ತಮ್ಮ ಖಾತೆಯ ಹಳೆಯ ಲೆಕ್ಕವನ್ನು ಕೊಡಿರೆಂಬ ಬೇಡಿಕೆ ಮಾತ್ರ ಇರುತ್ತಿತ್ತು. ಒಬ್ಬನನ್ನು ಕುರಿತು ಸಂಸ್ಥೆಯೊಂದು ಇಟ್ಟುಕೊಂಡ ಮಾಹಿತಿಯನ್ನು ಅವನು ಕೇಳಿದರೆ, ಹೆಚ್ಚೆಂದರೆ 10 ಪೌಂಡ್ ಶುಲ್ಕ ಪಡೆದು 40 ದಿನಗಳೊಳಗೆ ಕೊಡಬೇಕೆಂದು ಅಲ್ಲಿನ 1998ರ ಮಾಹಿತಿ ರಕ್ಷಣಾ ಕಾಯಿದೆ ವಿಧಿಸಿತ್ತು. ಹಣದ ದಾವೆಗೆ ಆರು ವರ್ಷಗಳ ಕಾಲಮಿತಿ ಇದ್ದುದರಿಂದ ಆರು ವರ್ಷಗಳ ಲೆಕ್ಕವನ್ನು ಕೇಳುತ್ತಿದ್ದರು. ಕಾಗದಗಳು ಬಂದ ಮೇಲೆ ಒಂದೊಂದು ಶುಲ್ಕವನ್ನೂ ಹೆಕ್ಕಿ, ದಿನಾಂಕ, ಹೆಸರು, ಮೊತ್ತಗಳನ್ನು ಸಾಲಾಗಿ ಬರೆದು ಕೂಡುತ್ತಿದ್ದರು. ತಿಂಗಳಿಗೊಮ್ಮೆ ಅಲ್ಪವೆಂದು ಬಿಟ್ಟ ಹಣ ಆರು ವರ್ಷಗಳಲ್ಲಿ ನೂರಾರು, ಕೆಲವರಿಗೆ ಸಾವಿರಾರು ಪೌಂಡುಗಳಾಗಿ ನಿಂತಿತ್ತು. ಆ ಮೊತ್ತವನ್ನು ನೋಡಿದ ಮೇಲೆ ಸುಮ್ಮನಿರುವುದು ಸುಲಭವಾಗಿರಲಿಲ್ಲ.

ಎರಡನೆಯ ಪತ್ರದಲ್ಲಿ ಆ ಪಟ್ಟಿಯನ್ನು ಲಗತ್ತಿಸಿ, ಈ ಶುಲ್ಕಗಳು ನಿಮಗೆ ತಗಲಿದ ವೆಚ್ಚಕ್ಕಿಂತ ಬಹಳ ಹೆಚ್ಚಾಗಿವೆ. ಹಾಗಲ್ಲವೆಂದಾದರೆ ವೆಚ್ಚದ ಲೆಕ್ಕವನ್ನು ತೋರಿಸಿರಿ, ಇಲ್ಲವೆ ಹಣವನ್ನು ಹಿಂತಿರುಗಿಸಿರಿ ಎಂದು ಕೇಳುತ್ತಿದ್ದರು. ಬೈಗುಳವಿಲ್ಲ, ಗೋಳಾಟವಿಲ್ಲ, ಅಂಕಿಗಳು ಮತ್ತು ಒಂದು ಪ್ರಶ್ನೆ ಮಾತ್ರ. ಖಾತೆ ತೆರೆಯುವಾಗ ನಿಬಂಧನೆಗಳಿಗೆ ನೀವೇ ಸಹಿ ಹಾಕಿದ್ದೀರಿ ಎಂಬುದು ಬ್ಯಾಂಕುಗಳ ಮೊದಲ ಉತ್ತರ. ಮತ್ತೆ ಬರೆದವರಿಗೆ, ಸೌಹಾರ್ದದ ಕುರುಹಾಗಿ ಅರ್ಧ ಹಣವನ್ನು ಕೊಡುತ್ತೇವೆ, ಇಲ್ಲಿಗೆ ಮುಗಿಸಿರಿ ಎಂಬ ಎರಡನೆಯ ಉತ್ತರ ಬರುತ್ತಿತ್ತು. ಅನೇಕರು ಅಲ್ಲಿಗೆ ತೃಪ್ತರಾದರು. ಆದರೆ ಕೆಲವರು, ಶುಲ್ಕ ನ್ಯಾಯವಾದುದಾಗಿದ್ದರೆ ಅರ್ಧವನ್ನಾದರೂ ಏಕೆ ಹಿಂತಿರುಗಿಸುತ್ತಿದ್ದಾರೆ ಎಂದು ಯೋಚಿಸಿದರು. ಅಂಥವರು 14 ದಿನಗಳ ಗಡುವು ಕೊಟ್ಟು ಮತ್ತೊಂದು ಪತ್ರ ಬರೆದರು. ಗಡುವು ಕಳೆದ ಮೇಲೆ, ಗ್ರಾಹಕನಿಂದ ಶುಲ್ಕ ಪಡೆಯದೆ ದೂರನ್ನು ವಿಚಾರಿಸುವ ಒಂಬುಡ್ಸ್‌ಮನ್ ಎಂಬ ಅಧಿಕಾರಿಯ ಬಳಿಗೆ ಕೆಲವರು ಹೋದರು; ಇನ್ನು ಕೆಲವರು 5,000 ಪೌಂಡಿನವರೆಗಿನ ಸಣ್ಣ ದಾವೆಗಳನ್ನು ವಕೀಲರಿಲ್ಲದೆಯೇ ನಡೆಸಬಹುದಾಗಿದ್ದ ಸ್ಥಳೀಯ ನ್ಯಾಯಾಲಯದ ಮೆಟ್ಟಿಲನ್ನೇರಿದರು.

ಆಗ ಒಂದು ವಿಚಿತ್ರ ನಡೆಯಿತು. ದಾವೆಯನ್ನು ಎದುರಿಸುವೆವೆಂದು ಬರೆದಿದ್ದ ಬ್ಯಾಂಕುಗಳು ವಿಚಾರಣೆಯ ದಿನ ಸಮೀಪಿಸುತ್ತಿದ್ದಂತೆ ಪೂರ್ತಿ ಹಣವನ್ನು ಕೊಟ್ಟು ರಾಜಿಯಾಗತೊಡಗಿದವು. ನ್ಯಾಯಾಲಯದಲ್ಲಿ ನಿಂತರೆ ಆ ಪ್ರಶ್ನೆಗೆ ಉತ್ತರಿಸಬೇಕಾಗಿತ್ತು. ವೆಚ್ಚದ ಲೆಕ್ಕವನ್ನು ಎಲ್ಲರೆದುರಿಗೆ ಬಿಚ್ಚಬೇಕಾಗಿತ್ತು. ಅದಕ್ಕಿಂತ ಹಣ ಕೊಟ್ಟುಬಿಡುವುದೇ ಲೇಸೆಂದು ಅವು ಎಣಿಸಿದಂತಿತ್ತು. ಎಲ್ಲ ದಾವೆಗಳೂ ಹೀಗೆಯೇ ಮುಗಿಯಲಿಲ್ಲ. 2007ರ ಮೇ ತಿಂಗಳಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ನ್ಯಾಯಾಧೀಶರೊಬ್ಬರು ಗ್ರಾಹಕನೊಬ್ಬನ ದಾವೆಯನ್ನು ತಳ್ಳಿಹಾಕಿದರು. ಆದರೂ ಪತ್ರಗಳ ಪ್ರವಾಹ ನಿಲ್ಲಲಿಲ್ಲ.

ಕೊನೆಗೆ 2007ರ ಜುಲೈ ತಿಂಗಳಿನಲ್ಲಿ, ಪ್ರತಿಯೊಂದು ಊರಿನಲ್ಲಿಯೂ ಪ್ರತ್ಯೇಕವಾಗಿ ಹೋರಾಡುವ ಬದಲು ಒಂದೇ ಮೊಕದ್ದಮೆಯಲ್ಲಿ ವಿಷಯ ಇತ್ಯರ್ಥವಾಗಲೆಂದು ಎರಡು ಪಕ್ಷಗಳೂ ಒಪ್ಪಿದವು. ಒಂದು ಕಡೆ ಸರಕಾರಿ ಕಚೇರಿ. ಇನ್ನೊಂದು ಕಡೆ ಏಳು ಬ್ಯಾಂಕುಗಳು ಮತ್ತು ಒಂದು ಗೃಹಸಾಲ ಸಂಘ. ತೀರ್ಪು ಬರುವ ತನಕ ಗ್ರಾಹಕರ ದೂರುಗಳನ್ನು ಬದಿಗಿಡಲು ಬ್ಯಾಂಕುಗಳಿಗೆ ಅನುಮತಿ ದೊರೆಯಿತು. ಕಾಯುತ್ತಿದ್ದವರು ಎರಡು ವರ್ಷಗಳಿಗೂ ಹೆಚ್ಚು ಕಾಲ ಕಾದರು. 2008ರ ಏಪ್ರಿಲಿನಲ್ಲಿ ಹೈಕೋರ್ಟು, 2009ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಎರಡೂ ಮುಖ್ಯ ಪ್ರಶ್ನೆಯಲ್ಲಿ ಕಚೇರಿಯ ಪರವಾಗಿ ತೀರ್ಪಿತ್ತವು. ಆದರೆ ಬ್ರಿಟನ್ನಿನಲ್ಲಿ ಆಗತಾನೆ ಸ್ಥಾಪಿತವಾಗಿದ್ದ ಸುಪ್ರೀಂ ಕೋರ್ಟು 2009ರ ನವೆಂಬರ್ 25ರಂದು ಬ್ಯಾಂಕುಗಳ ಪರವಾಗಿ ಏಕಮತದ ತೀರ್ಪನ್ನು ನೀಡಿತು.

ಈ ತೀರ್ಪನ್ನು ಎಚ್ಚರದಿಂದ ಓದಬೇಕು. ಶುಲ್ಕ ನ್ಯಾಯವಾದುದೆಂದು ನ್ಯಾಯಾಲಯ ಹೇಳಲಿಲ್ಲ. ಬೆಲೆ ಹೆಚ್ಚಾಯಿತೆಂಬ ಒಂದೇ ಕಾರಣದಿಂದ ಒಪ್ಪಂದದ ನಿಬಂಧನೆಯನ್ನು ಪರಿಶೀಲಿಸಲು 1999ರ ಗ್ರಾಹಕ ನಿಯಮಗಳು ಅವಕಾಶ ಕೊಡುವುದಿಲ್ಲ. ಈ ಶುಲ್ಕವು ಖಾತೆಯ ಸೇವೆಗಳಿಗೆಲ್ಲ ಸೇರಿ ಗ್ರಾಹಕರು ತೆರುವ ಬೆಲೆಯ ಒಂದು ಭಾಗ. ಆದುದರಿಂದ ಅದರ ಪ್ರಮಾಣವನ್ನು ಆ ನಿಯಮಗಳಡಿಯಲ್ಲಿ ಅಳೆಯಲಾಗದು ಎಂದಷ್ಟೇ ಹೇಳಿತು. 2006ರಲ್ಲಿ ಚಾಲ್ತಿ ಖಾತೆಗಳಿಂದ ಬ್ಯಾಂಕುಗಳಿಗೆ ಬಂದ ಸುಮಾರು 830 ಕೋಟಿ ಪೌಂಡ್ ಆದಾಯದಲ್ಲಿ ಸುಮಾರು 260 ಕೋಟಿ ಪೌಂಡ್ ಹಣ ಸಾಲದಾದವರ ಶುಲ್ಕದಿಂದಲೇ ಬಂದಿತ್ತು. ಆದಾಯದ ಇಷ್ಟು ದೊಡ್ಡ ಪಾಲನ್ನು ಬೆಲೆಯಲ್ಲವೆಂದು ಹೇಳುವುದು ಕಷ್ಟವಾಯಿತು. ದಂಡವು ದೊಡ್ಡದಾಗಿ ಬೆಳೆದುದೇ ಅದಕ್ಕೆ ರಕ್ಷಣೆಯಾದಂತಾಯಿತು! ಅದೇ ಅಂಕಿಯನ್ನು ಇನ್ನೊಂದು ಬಗೆಯಿಂದಲೂ ಓದಬಹುದು. ಹಣವುಳ್ಳವರ ಖಾತೆಗಳು ಉಚಿತವಾಗಿ ನಡೆಯುತ್ತಿದ್ದವು; ಆ ಉಚಿತದ ಬೆಲೆಯನ್ನು ತಿಂಗಳ ಕೊನೆಯಲ್ಲಿ ಕೈ ಬರಿದಾದವರು ತೆರುತ್ತಿದ್ದರು.

ಕಾದು ಕುಳಿತಿದ್ದ ದೂರುಗಳಲ್ಲಿ ಬಹುಪಾಲು ಅಂದೇ ಬಿದ್ದುಹೋದವು. ಡಿಸೆಂಬರಿನಲ್ಲಿ ಸರಕಾರಿ ಕಚೇರಿಯೂ ಹೋರಾಟವನ್ನು ಕೈಬಿಟ್ಟಿತು. ಅಷ್ಟರಲ್ಲಿಯೇ ಪತ್ರ ಬರೆದು ಹಣ ಪಡೆದವರು ಪಡೆದಿದ್ದರು. ನಾಳೆ ಬರೆಯೋಣವೆಂದವರು ಬರಿಗೈಯಲ್ಲಿ ಉಳಿದರು.

ಆದರೂ ಹಳೆಯ ಸ್ಥಿತಿ ಮರಳಿ ಬರಲಿಲ್ಲ. ತೀರ್ಪಿಗೆ ಸ್ವಲ್ಪ ಮುಂಚೆಯೇ ದೊಡ್ಡ ಬ್ಯಾಂಕೊಂದು ಪಾವತಿ ನಿರಾಕರಣೆಯ ಶುಲ್ಕವನ್ನು 38 ಪೌಂಡಿನಿಂದ 5 ಪೌಂಡಿಗೆ ಇಳಿಸಿತ್ತು. 38 ಪೌಂಡಿನ ಕೆಲಸವನ್ನು ಐದಕ್ಕೆ ಮಾಡಲು ಸಾಧ್ಯವೆಂಬುದು ಇದರಿಂದ ತಾನಾಗಿಯೇ ವ್ಯಕ್ತವಾಯಿತು. ಮುಂದೆ ಹಣಕಾಸು ಸಂಸ್ಥೆಗಳ ನಡತೆಯನ್ನು ನಿಯಂತ್ರಿಸುವ ಪ್ರಾಧಿಕಾರವು ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡಿತು. 2016ರಲ್ಲಿ ಒಪ್ಪಿಗೆಯಿಲ್ಲದ ಓವರ್‌ಡ್ರಾಫ್ಟಿನ ಶುಲ್ಕದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆತ್ತವರು ಗ್ರಾಹಕರಲ್ಲಿ ನೂರಕ್ಕೆ ಒಂದೂವರೆಯಷ್ಟು ಜನರು ಮಾತ್ರ ಎಂಬುದನ್ನು ಅದು ಕಂಡುಕೊಂಡಿತು. 2020ರ ಏಪ್ರಿಲಿನಿಂದ ಓವರ್‌ಡ್ರಾಫ್ಟಿಗೆ ನಿಗದಿತ ಶುಲ್ಕಗಳನ್ನು ಹಾಕುವುದೇ ನಿಷಿದ್ಧವಾಯಿತು; ಪಡೆದ ಹಣಕ್ಕೆ ವಾರ್ಷಿಕ ಬಡ್ಡಿಯನ್ನು ಮಾತ್ರ ಹಾಕಬಹುದೆಂಬ ನಿಯಮ ಬಂದಿತು. ನೂರು ಪೌಂಡ್ ಕೊರತೆಗೆ ದಿನಕ್ಕೆ ಸಾಮಾನ್ಯವಾಗಿ ಐದು ಪೌಂಡ್ ಬೀಳುತ್ತಿದ್ದುದು 20 ಪೆನ್ನಿಗಿಂತ ಕೆಳಗಿಳಿಯುವುದೆಂದು ಪ್ರಾಧಿಕಾರ ಲೆಕ್ಕ ಹಾಕಿತು. ಬ್ಯಾಂಕುಗಳು ಬಡ್ಡಿಯ ದರವನ್ನು ಶೇಕಡ 40ರ ಸಮೀಪಕ್ಕೆ ಏರಿಸಿದವೆಂಬುದನ್ನೂ ಹೇಳಬೇಕು. ಅಗ್ಗವಾಗಿ ಓವರ್‌ಡ್ರಾಫ್ಟ್ ಪಡೆಯುತ್ತಿದ್ದ ಕೆಲವರಿಗೆ ಅದು ಹೊರೆಯಾಯಿತು.

ಬ್ರಿಟಿಷ್ ಗ್ರಾಹಕರು ಕೇಳಿದ ಪ್ರಶ್ನೆ ಭಾರತದಲ್ಲಿ ಉಳಿತಾಯ ಖಾತೆಯ ಕನಿಷ್ಠ ಶಿಲ್ಕಿನ ವಿಷಯದಲ್ಲಿ ಎದುರಾಗುತ್ತದೆ. ಇಲ್ಲಿ ಅದಕ್ಕೆ ಉತ್ತರದ ಒಂದು ಭಾಗ ನಿಯಮದಲ್ಲಿಯೇ ಬರೆದಿದೆ. ಯಾವ ಕನಿಷ್ಠ ಶಿಲ್ಕನ್ನೂ ಇಡಬೇಕಾಗಿಲ್ಲದ ಮೂಲಭೂತ ಉಳಿತಾಯ ಖಾತೆಯನ್ನು ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಇತರ ಉಳಿತಾಯ ಖಾತೆಗಳಿಗಾಗಿ 2014ರ ನವೆಂಬರಿನಲ್ಲಿ ಅದು ಹೊರಡಿಸಿದ ಸುತ್ತೋಲೆ 2015ರ ಏಪ್ರಿಲಿನಿಂದ ಜಾರಿಗೆ ಬಂದಿತು. ಅದರ ಪ್ರಕಾರ, ಶಿಲ್ಕು ಕಡಿಮೆಯಾದ ಕೂಡಲೇ ಬ್ಯಾಂಕು ಖಾತೆದಾರನಿಗೆ ತಿಳಿಸಬೇಕು. ಕೊರತೆಯನ್ನು ತುಂಬಲು ಒಂದು ತಿಂಗಳ ಅವಕಾಶ ಕೊಡಬೇಕು. ಅನಂತರವೂ ಹಾಕುವ ಶುಲ್ಕವು ಕೊರತೆಯ ಪ್ರಮಾಣಕ್ಕೆ ತಕ್ಕಷ್ಟೇ ಇರಬೇಕು. ಕೇವಲ ಆ ಶುಲ್ಕದಿಂದಾಗಿ ಖಾತೆಯ ಶಿಲ್ಕು ಶೂನ್ಯಕ್ಕಿಂತ ಕೆಳಗೆ ಹೋಗಕೂಡದು. ಸ್ಟೇಟ್ ಬ್ಯಾಂಕು 2020ರಲ್ಲಿ ತನ್ನ ಉಳಿತಾಯ ಖಾತೆಗಳಿಗೆ ಕನಿಷ್ಠ ಶಿಲ್ಕಿನ ನಿಯಮವನ್ನೇ ತೆಗೆದುಹಾಕಿತು.

ನಿಯಮವಿದ್ದರೂ ಪಾಸ್‌ಬುಕ್ಕನ್ನು ಓದಿ ಕೇಳುವವರು ಬೇಕು. ಎಷ್ಟೋ ಮನೆಗಳಲ್ಲಿ ಆ ನಾಲ್ಕಾರು ಅಕ್ಷರಗಳನ್ನು ಬಿಡಿಸಿ ಓದಬಲ್ಲವರು ಶಾಲೆಗೆ ಹೋಗುವ ಮಕ್ಕಳೇ. ಶಾಖೆಗೆ ಕೊಡುವ ದೂರಿಗೆ ದೊಡ್ಡ ಭಾಷೆ ಬೇಡ. ಖಾತೆಯ ಸಂಖ್ಯೆ, ಶುಲ್ಕ ಕಳೆದ ದಿನಾಂಕ, ಮೊತ್ತ, ಮುಂಚಿತವಾಗಿ ಸೂಚನೆ ಬಂದಿತೆ ಇಲ್ಲವೆ ಎಂಬ ಒಂದು ವಾಕ್ಯ, ಹಣವನ್ನು ಹಿಂತಿರುಗಿಸಬೇಕೆಂಬ ಇನ್ನೊಂದು ವಾಕ್ಯ, ಇಷ್ಟು ಸಾಕು. ಬ್ಯಾಂಕು ಒಪ್ಪದಿದ್ದರೆ, ಇಲ್ಲವೆ 30 ದಿನಗಳಾದರೂ ಉತ್ತರ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಈ ವ್ಯವಸ್ಥೆ 1995ರಲ್ಲಿ ಆರಂಭವಾಯಿತು. 2021ರಲ್ಲಿ ಪ್ರತ್ಯೇಕವಾಗಿದ್ದ ಯೋಜನೆಗಳು ಒಂದೇ ಯೋಜನೆಯಾಗಿ ಕೂಡಿದವು. ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದರೆ ಬಾಯಿಮಾತಿನಲ್ಲಿ ಹೇಳಿ ಬಂದ ದೂರಿಗೆ ದಿನಾಂಕವಿರುವುದಿಲ್ಲ. ಆದುದರಿಂದ ದೂರನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದನ್ನು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ತಲುಪಿದ ದಿನಾಂಕವನ್ನೂ ಬ್ಯಾಂಕಿನ ಮೊಹರನ್ನೂ ಹಾಕಿಸಿಕೊಂಡು ಬರಬೇಕು. ಮೂವತ್ತು ದಿನಗಳ ಎಣಿಕೆ ಆ ದಿನದಿಂದ ಮೊದಲಾಗುತ್ತದೆ.