ಅಜ್ಜನ ಟ್ರ್ಯಾಕ್ಟರ್ ಮೊಮ್ಮಗನ ಕೈಗೆ ಬಂದಾಗ
1963ರಲ್ಲಿ ಮಹೀಂದ್ರಾ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಕಂಪನಿ ಶುರುಮಾಡಿತು. ಅಲ್ಲಿಂದ ಬಂದ ಬಿ-275 ಗಾಡಿಗಳನ್ನು ಜೋಪಾನ ಮಾಡಿಟ್ಟುಕೊಂಡ ರೈತ ಮನೆಗಳಿವೆ. ಅಜ್ಜ ಉಳುಮೆ ಮಾಡಿದ ಗಾಡಿಯೆಂಬ ಅಕ್ಕರೆ ಸಣ್ಣದಲ್ಲ. ಆದರೆ ಅಂಥ ಗಾಡಿ ಕೈಗೆ ಬಂದ ಮೊಮ್ಮಗನಿಗೆ ಅಕ್ಕರೆಯೊಂದೇ ಸಾಲದು.

ಆರ್‌ಸಿ ಪುಸ್ತಕವನ್ನೂ ಒಮ್ಮೆ ತೆಗೆದು ನೋಡಬೇಕು. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರು ಅರ್ಜಿ ಹಾಕಬೇಕು. ನೋಂದಣಿಗೆ 15 ವರ್ಷ ತುಂಬಿದ್ದರೆ ನವೀಕರಣವೂ ಆಗಬೇಕು.

ಆಯಿಲ್ ಬಾತ್ ಏರ್ ಕ್ಲೀನರ್ ಇರುವ ಗಾಡಿಯಾದರೆ ಅದರ ಬಟ್ಟಲು ಬಿಚ್ಚಲಿ. ತಳದಲ್ಲಿ ಕೆಸರು ಕಟ್ಟಿದ್ದರೆ ತೊಳೆದು ಹೊಸ ಎಣ್ಣೆ ಹಾಕಲಿ. ದೂಳು ಒಳಹೊಕ್ಕರೆ ಪಿಸ್ಟನ್, ಲೈನರ್ ಎರಡೂ ಸವೆಯುತ್ತವೆ.

ಎಲ್ಲಕ್ಕಿಂತ ಮೊದಲು, ಜೋಡಿಸಿದ ಯಂತ್ರಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ಪಿಟಿಒ ಶಾಫ್ಟ್‌ಗೆ ಕವರ್ ಹಾಕಿಸಲೇಬೇಕು. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟ್‌ಗೆ ಪಂಚೆಯ ಅಂಚೋ ಸೆರಗೋ ಸಿಕ್ಕರೆ, ಎಳೆದುಕೊಳ್ಳುವಷ್ಟೂ ಪುರುಸೊತ್ತು ಇರುವುದಿಲ್ಲ.