ಗರ್ಭಿಣಿಗೆ ಫ್ಲೂ ಲಸಿಕೆ: ಒಪ್ಪಿಗೆ ಯಾರದು?

ಐದನೇ ತಿಂಗಳ ತಪಾಸಣೆಯಲ್ಲಿ ಡಾಕ್ಟರು "ಫ್ಲೂ ಇಂಜೆಕ್ಷನ್ ಒಂದು ಹಾಕಿಸಿಕೊಂಡುಬಿಡಿ" ಎನ್ನುತ್ತಾರೆ. ಗರ್ಭಿಣಿ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅತ್ತೆ "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಬೇಡ" ಎಂದುಬಿಡುತ್ತಾರೆ. ಗಂಡ "ಎಷ್ಟಾಗುತ್ತೆ?" ಎಂದು ಕೇಳುತ್ತಾನೆ. ಕಾನೂನು ಮಾತ್ರ ಉತ್ತರಕ್ಕೆ ಕಾಯುವುದು ಅವಳೊಬ್ಬಳ ಕಡೆ ನೋಡಿ.

ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಬರೀ ತಪಾಸಣೆಗೆಂದು ಅರಿವಳಿಕೆ ಪಡೆದು ಮಲಗಿದ್ದ 44ರ ಮಹಿಳೆಯ ಗರ್ಭಕೋಶವನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಿದ್ದರು. ಜೀವಕ್ಕೆ ತುರ್ತು ಅಪಾಯವಿಲ್ಲದಿರುವಾಗ ವಯಸ್ಕ ರೋಗಿಯ ಬದಲು ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಎಂದಿತು ಕೋರ್ಟ್. ಚಿಕಿತ್ಸೆ ಏನು, ಯಾಕೆ, ಅದರ ಲಾಭ, ಮುಖ್ಯ ಅಪಾಯ, ಬೇರೆ ದಾರಿ, ಬೇಡವೆಂದರೆ ಆಗಬಹುದಾದ ತೊಂದರೆ, ಇಷ್ಟನ್ನೂ ವೈದ್ಯರು ತಿಳಿಸಲೇಬೇಕು. ಹಾಗಾಗಿ ಪ್ರಶ್ನೆ ಕೇಳಲು ಸಂಕೋಚ ಬೇಡ.

ಏನು ಕೇಳಬೇಕು? ಮೊದಲನೆಯದು, ಇದು ನಿಷ್ಕ್ರಿಯಗೊಳಿಸಿದ ವೈರಾಣುವಿನ ಚುಚ್ಚುಮದ್ದೇ ಎಂಬುದು. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಗರ್ಭಿಣಿಯರಿಗಲ್ಲ. ಹಿಂದೆ ಯಾವುದಾದರೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಹೇಳಿಬಿಡಿ. ವೈರಾಣು ಬದಲಾಗುವುದರಿಂದ ಲಸಿಕೆಯನ್ನೂ ಆಗಾಗ ಬದಲಿಸುತ್ತಾರೆ. ಹಾಕುವ ಮುಂಚೆ ಪೆಟ್ಟಿಗೆ ಕೈಗೆ ಕೊಡಿ ಎನ್ನಿ. ಅದರ ಮೇಲೆ ಯಾವ ಋತುವಿನದು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಎಂಆರ್‌ಪಿ ಎಲ್ಲವೂ ಇರುತ್ತದೆ. ಎಂಆರ್‌ಪಿಗಿಂತ ಒಂದು ರೂಪಾಯಿಯೂ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಬ್ಯಾಚ್ ಸಂಖ್ಯೆಯನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ಹಾಕುವುದು ಟಿಡಿ, ಅಂದರೆ ಧನುರ್ವಾಯು-ಡಿಫ್ತೀರಿಯಾ ಲಸಿಕೆ. ಫ್ಲೂ ಲಸಿಕೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿಲ್ಲ, ಸಾಮಾನ್ಯವಾಗಿ ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ಇದು ನನಗೆ ನೋವಿನ ಸಂಗತಿ. ಗರ್ಭಿಣಿಗೆ ಫ್ಲೂ ಬಂದರೆ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು. ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬುವವರೆಗೆ ಈ ಲಸಿಕೆ ಹಾಕುವಂತಿಲ್ಲ, ತಾಯಿಯಿಂದ ಬಂದ ರಕ್ಷಣೆಯೇ ಅದಕ್ಕೆ ಆಸರೆ. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ದೇಶದ ಪ್ರಸೂತಿ ತಜ್ಞರ ಒಕ್ಕೂಟವೂ ಶಿಫಾರಸು ಮಾಡಿರುವುದು ಇದಕ್ಕೇ. ಹಾಕಿಸಿಕೊಳ್ಳಿ ಎಂಬುದೇ ನನ್ನ ಸಲಹೆ, ಅದೂ ಮಳೆಗಾಲಕ್ಕೆ ಮುಂಚೆ ಆದರೆ ಒಳ್ಳೆಯದು. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು.

ಆದರೂ ಬೇಡ ಎನಿಸಿದರೆ? ಯಾರನ್ನೂ ಬಲವಂತವಾಗಿ ಲಸಿಕೆಗೆ ಒಳಪಡಿಸುವಂತಿಲ್ಲ ಎಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಕೋವಿಡ್ ಲಸಿಕೆಯ ಪ್ರಕರಣ. ಆದರೆ ಅದರ ಆಧಾರ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ, ಹಾಗಾಗಿ ಆ ಮಾತು ಇಲ್ಲಿಗೂ ಹೊಂದುತ್ತದೆ. ಇನ್ನೊಬ್ಬ ವೈದ್ಯರನ್ನು ಕೇಳಿ ಬರುತ್ತೇನೆ ಎನ್ನುವುದೂ ನಿಮ್ಮ ಹಕ್ಕು.

ಕೈ ನೋವು, ಸಣ್ಣ ಜ್ವರ ಒಂದೆರಡು ದಿನದಲ್ಲಿ ಹೋಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ, ಮುಖ ಊದಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆಮೇಲೆ ಆರೋಗ್ಯ ಕೇಂದ್ರಕ್ಕೋ, 1800-180-3024 ಉಚಿತ ಸಹಾಯವಾಣಿಗೋ ವರದಿ ಮಾಡಿ. ಚಿಕಿತ್ಸೆಯ ದಾಖಲೆಯನ್ನೂ ಕೇಳಿ ಪಡೆಯಿರಿ; ಕೇಳಿದ 72 ಗಂಟೆಯೊಳಗೆ ಅದನ್ನು ಕೊಡಬೇಕೆಂಬುದು ವೈದ್ಯರ ನಡವಳಿಕೆಯ ನಿಯಮ.

ಖಾಸಗಿ ಆಸ್ಪತ್ರೆಯ ವಿರುದ್ಧದ ದೂರು, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಬಿಲ್ ಮಾತ್ರ ಜೋಪಾನ.